ಮಾತಿಗೂ ಕಡತಕ್ಕೂ ಒಂದೇ ತಂತಿ



ಸಹಕಾರಿ ಬ್ಯಾಂಕು, ಆಸ್ಪತ್ರೆ, ಕಾಲೇಜು, ಕಾರ್ಖಾನೆಗಳು ಕಚೇರಿಯೊಳಗಿನ ಕರೆಗಳನ್ನು ಜೋಡಿಸುತ್ತಿದ್ದ ಹಳೆಯ ಇಪಿಎಬಿಎಕ್ಸ್ ಪೆಟ್ಟಿಗೆಯನ್ನು ಕಳಚಿಟ್ಟು, ಕಂಪ್ಯೂಟರುಗಳಿಗೆಂದು ಎಳೆದ ಜಾಲದ ಮೇಲೆಯೇ ದೂರವಾಣಿ ಕರೆಗಳನ್ನೂ ಹರಿಸುತ್ತಿವೆ. ಬಿಲ್ಲು ಇಳಿಯುತ್ತದೆ ಎಂಬ ಲೆಕ್ಕ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಕೈಕೊಡುವುದು ಇನ್ನೊಂದು ಲೆಕ್ಕ. ಕಡತಗಳನ್ನು ವರ್ಷಗಟ್ಟಲೆ ತಕರಾರಿಲ್ಲದೆ ಸಾಗಿಸಿದ ಜಾಲ, ಮಾತನ್ನು ಹೊರಿಸಿದ ಮೊದಲ ವಾರವೇ ಮುಗ್ಗರಿಸುತ್ತದೆ. ಅದು ಏಕೆ, ತಡೆಯುವುದು ಹೇಗೆ ಎಂಬುದೇ ಇಂದಿನ ನನ್ನ ವಿಷಯ.

ಕಡತಕ್ಕೆ ಪೂರ್ತಿಯಾಗಿ ತಲುಪುವುದು ಮುಖ್ಯ, ಹೊತ್ತು ಹಿಂದುಮುಂದಾದರೂ ಅಡ್ಡಿಯಿಲ್ಲ. ಮಾತಿಗೆ ಹೊತ್ತೇ ಮುಖ್ಯ, ಅಲ್ಲೊಂದು ಇಲ್ಲೊಂದು ಚೂರು ಬಿದ್ದುಹೋದರೂ ಕಿವಿ ಸಹಿಸಿಕೊಳ್ಳುತ್ತದೆ. ಈ ಭೇದವನ್ನು ಜಾಲ ಕಟ್ಟಿದವರು ಆರಂಭದಲ್ಲೇ ಎದುರಿಸಿದ್ದರು. 1974ರ ಆಗಸ್ಟಿನಲ್ಲಿ ಕಂಪ್ಯೂಟರ್ ವಿಜ್ಞಾನಿ ಡ್ಯಾನಿ ಕೋಹೆನ್ ಮತ್ತು ಅವರ ಸಂಗಡಿಗರು ಇಂದಿನ ಇಂಟರ್‌ನೆಟ್ಟಿನ ಪೂರ್ವಜವಾದ ಅರ್ಪಾನೆಟ್ ಮೇಲೆ, ದಕ್ಷಿಣ ಕ್ಯಾಲಿಫೋರ್ನಿಯದ ಸಂಸ್ಥೆಯೊಂದಕ್ಕೂ ಮ್ಯಾಸಚೂಸೆಟ್ಸ್‌ನ ಲಿಂಕನ್ ಪ್ರಯೋಗಾಲಯಕ್ಕೂ ನಡುವೆ ಮಾತನ್ನು ಪ್ಯಾಕೆಟ್ಟುಗಳೆಂಬ ಸಣ್ಣ ಕಟ್ಟುಗಳಲ್ಲಿ ಕಳಿಸಿ ತೋರಿಸಿದರು. ಆಗ ಪ್ಯಾಕೆಟ್ಟುಗಳ ಸಾಗಣೆಯ ನಿಯಮಗಳೆಲ್ಲ ಟಿಸಿಪಿ ಎಂಬ ಒಂದೇ ಗಂಟಾಗಿದ್ದವು. ಅದು ಬಿದ್ದ ಪ್ಯಾಕೆಟ್ಟನ್ನು ಮತ್ತೆ ಕಳಿಸಿ, ಸಾಲುಗೂಡಿಸಿಯೇ ಮುಂದಕ್ಕೆ ಕೊಡುತ್ತಿತ್ತು. ಮಾತಿಗೆ ಅದು ಒಗ್ಗುವುದಿಲ್ಲ, ಅರ್ಧ ಸೆಕೆಂಡು ಕಳೆದು ಬಂದ ಅಕ್ಷರವನ್ನು ಎಲ್ಲಿ ಕೂರಿಸುವುದು ಎಂದು ವಾದಿಸಿದವರಲ್ಲಿ ಕೋಹೆನ್ ಮುಂಚೂಣಿಯಲ್ಲಿದ್ದರು. 1978ರಲ್ಲಿ ಆ ಗಂಟನ್ನು ಬಿಡಿಸಿ ಟಿಸಿಪಿ ಮತ್ತು ಐಪಿ ಎಂದು ಎರಡು ಮಾಡಲಾಯಿತು. ಅದಕ್ಕೆ ಇದ್ದ ಕಾರಣಗಳಲ್ಲಿ ಮಾತು ಮುಖ್ಯವಾದದ್ದು. ಐಪಿಯ ಮೇಲೆ ಕೂರುವ, ಬಿದ್ದದ್ದನ್ನು ಮತ್ತೆ ಕಳಿಸಲು ಕಾಯದ, 1980ರಲ್ಲಿ ಬಂದ ಯುಡಿಪಿ ಮೇಲೆಯೇ ಇಂದಿಗೂ ಕಚೇರಿಯ ಕರೆಗಳು ಹೋಗುವುದು. ಇಂಟರ್‌ನೆಟ್ಟಿನ ಅಡಿಪಾಯದಲ್ಲೇ ಮಾತಿನ ಪಾಲಿದೆ ಎಂಬುದು ನನಗೆ ಬಹಳ ಪ್ರೀತಿಯ ಸಂಗತಿ.

ನಮ್ಮ ನಾಡಿಗೂ ದೂರವಾಣಿಯ ದೊಡ್ಡ ಪರಂಪರೆಯಿದೆ. 1948ರಲ್ಲಿ ಬೆಂಗಳೂರಿನಲ್ಲಿ ದೂರವಾಣಿ ಕಾರ್ಖಾನೆ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಹುಟ್ಟಿತು. ಕೇಂದ್ರ ಸರಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ ಹಳ್ಳಿ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕೆಲಸ ಶುರುಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಧೂಳು, ಸೆಕೆ ತಡೆಯುವಂತೆ, ಹವಾನಿಯಂತ್ರಣವಿಲ್ಲದೆ ನಡೆಯುವಂತೆ ಕಟ್ಟಿದ ಯಂತ್ರ ಅದು. ಅಂಥ ಎಕ್ಸ್‌ಚೇಂಜು ಪ್ರತಿ ಕರೆಗೂ ಮುಗಿಯುವವರೆಗೆ ಒಂದು ದಾರಿಯನ್ನು ಕಾದಿರಿಸುತ್ತಿತ್ತು. ದಾರಿ ಖಾಲಿಯಿಲ್ಲದಿದ್ದರೆ ಎಂಗೇಜ್ ಟೋನ್ ಕೇಳಿಸುತ್ತಿತ್ತು. ಪ್ಯಾಕೆಟ್ ಜಾಲಕ್ಕೆ ಹಾಗೆ ಇಲ್ಲವೆನ್ನಲು ತಾನಾಗಿ ಬರುವುದಿಲ್ಲ. ಎಷ್ಟು ಬಂದರೂ ಒಳಗೆ ಬಿಟ್ಟುಕೊಂಡು, ಕೊನೆಗೆ ಎಲ್ಲರನ್ನೂ ಕೆಡಿಸುತ್ತದೆ.

ಒಂದು ಕರೆಯನ್ನು ಬಿಚ್ಚಿ ನೋಡೋಣ. ದನಿಯನ್ನು ಅಂಕಿಗಳಾಗಿಸುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಜಿ.711 ಎಂಬ ಕೋಡೆಕ್ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯುತ್ತದೆ. ಸೆಕೆಂಡಿಗೆ ಒಟ್ಟು 64 ಕಿಲೋಬಿಟ್. 20 ಮಿಲಿಸೆಕೆಂಡಿನ ಮಾತು ಒಂದು ಪ್ಯಾಕೆಟ್ಟಾಗುತ್ತದೆ: 160 ಬೈಟ್ ಮಾತು, ಅದರ ಮೇಲೆ ಐಪಿ, ಯುಡಿಪಿ, ಆರ್‌ಟಿಪಿ ಹೆಡರುಗಳ 40 ಬೈಟ್. ಇಂಥವು ಸೆಕೆಂಡಿಗೆ 50. ಹೀಗಾಗಿ 64 ಎಂದು ಮಾರಾಟಗಾರ ಹೇಳಿದ ಕರೆ ನಿಜವಾಗಿ ಒಂದು ದಿಕ್ಕಿಗೆ 80 ಕಿಲೋಬಿಟ್ ತಿನ್ನುತ್ತದೆ. ಈಥರ್‌ನೆಟ್ಟಿನ ಪಾಲೂ ಸೇರಿದರೆ 87. ಜಿ.729 ಕೋಡೆಕ್ ಮಾತನ್ನು 8 ಕಿಲೋಬಿಟ್‌ಗೆ ಹಿಂಡುತ್ತದೆ, ಆದರೆ 20 ಬೈಟ್ ಮಾತಿನ ಮೇಲೂ ಅದೇ 40 ಬೈಟ್ ಹೆಡರ್ ಕೂರುವುದರಿಂದ ದಾರಿಯಲ್ಲಿ ಅದು 24 ಆಗುತ್ತದೆ. ಟೆಂಡರಿನ ಕಾಗದದಲ್ಲಿ 64, 8 ಎಂದಷ್ಟೇ ಬರೆದು ಲಿಂಕ್ ಕೊಂಡುಕೊಂಡ ಸಂಸ್ಥೆಗಳನ್ನು ಕಂಡಿದ್ದೇನೆ.

ಇನ್ನು ಹೊತ್ತಿನ ಲೆಕ್ಕ. ಬಾಯಿಂದ ಕಿವಿಗೆ ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡು ಮೀರದಿದ್ದರೆ ಸಂಭಾಷಣೆ ಸರಾಗವಾಗಿ ಸಾಗುತ್ತದೆ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ (ಐಟಿಯು) ಜಿ.114 ಶಿಫಾರಸಿನ ಸಾರ. 400 ಮೀರಿದರೆ ಜಾಲದ ಯೋಜನೆಗೇ ಅದು ಸಲ್ಲದು. ದೂರಕ್ಕೆ ಹೆದರಬೇಕಿಲ್ಲ. ಬೆಂಗಳೂರಿನಿಂದ ಕಲಬುರಗಿಗೆ ಸುಮಾರು 600 ಕಿಲೋಮೀಟರು, ಗಾಜಿನ ಎಳೆಯಲ್ಲಿ ಬೆಳಕು ಅದನ್ನು 3 ಮಿಲಿಸೆಕೆಂಡಿನಲ್ಲಿ ದಾಟುತ್ತದೆ. ಉಪಗ್ರಹದ ಮಾತು ಬೇರೆ: ಭೂಸ್ಥಿರ ಕಕ್ಷೆ 35,786 ಕಿಲೋಮೀಟರು ಮೇಲಿದೆ, ಹತ್ತಿ ಇಳಿಯುವುದಕ್ಕೇ ಕಾಲು ಸೆಕೆಂಡು ಬೇಕು. ನೆಲದ ಜಾಲದಲ್ಲಿ ಹೊತ್ತು ತಿನ್ನುವುದು ಮುಖ್ಯವಾಗಿ ಸಾಲಿನಲ್ಲಿ ಕಾಯುವುದು. ದೊಡ್ಡ ಕಡತದ 1,500 ಬೈಟ್ ಪ್ಯಾಕೆಟ್ 2 ಮೆಗಾಬಿಟ್ ಲಿಂಕಿನಿಂದ ಹೊರಬೀಳಲು 6 ಮಿಲಿಸೆಕೆಂಡು ಸಾಕು. 64 ಕಿಲೋಬಿಟ್ ಲಿಂಕಿನಲ್ಲಿ ಅದಕ್ಕೇ 187 ಬೇಕು. ಕಿರುಸೇತುವೆಯ ಮೇಲೆ ಕಬ್ಬಿನ ಲಾರಿ ಹೊರಟಿದ್ದರೆ ಹಿಂದಿನ ಬೈಕಿನವನು ಎಷ್ಟೇ ಅವಸರದವನಾದರೂ ಕಾಯಲೇಬೇಕು. ನಿಧಾನದ ಲಿಂಕುಗಳಲ್ಲಿ ದೊಡ್ಡ ಪ್ಯಾಕೆಟ್ಟನ್ನು ತುಂಡರಿಸಿ ನಡುವೆ ಮಾತನ್ನು ನುಸುಳಿಸುವ ಏರ್ಪಾಡು ಬಂದದ್ದು ಇದಕ್ಕಾಗಿಯೇ.

ಕಾಯುವ ಹೊತ್ತು ಒಂದೇ ಸಮ ಇದ್ದರೂ ಬದುಕಬಹುದು, ಅದು ಏರುಪೇರಾಗುತ್ತದೆ. ಇದನ್ನೇ ಜಿಟರ್ ಎನ್ನುತ್ತೇವೆ. ಆಚೆ ತುದಿಯ ಫೋನು ಬಂದ ಪ್ಯಾಕೆಟ್ಟುಗಳನ್ನು ಸ್ವಲ್ಪ ಹೊತ್ತು, ಎಂದರೆ 40, 60 ಮಿಲಿಸೆಕೆಂಡು, ತಡೆದಿಟ್ಟು ಸಮನಾಗಿ ನುಡಿಸುತ್ತದೆ. ಅದಕ್ಕಿಂತ ತಡವಾದದ್ದನ್ನು ಬಿಸಾಡುತ್ತದೆ. ಆದ್ದರಿಂದ ದಿನದ ಸರಾಸರಿ ವಿಳಂಬ 12 ಮಿಲಿಸೆಕೆಂಡು ಎಂಬ ವರದಿಯನ್ನು ನಂಬಬೇಡಿ. ಆ ಸರಾಸರಿಯೊಳಗೆ ಮಧ್ಯಾಹ್ನದ ಊಟದ ಹೊತ್ತೂ ರಾತ್ರಿಯೂ ಸೇರಿವೆ. ಅತಿ ಕೆಟ್ಟ ಒಂದು ನಿಮಿಷ ಹೇಗಿತ್ತು ಎಂದು ಕೇಳಿ.

ಒಂದು ಶಾಖಾ ಕಚೇರಿಯ ಸಂಗತಿ ಹೇಳಬೇಕು. ಬೆಳಿಗ್ಗೆ ಕರೆಗಳು ಸ್ವಚ್ಛವಾಗಿರುತ್ತಿದ್ದವು. ದಿನದ ಲೆಕ್ಕ ಮುಚ್ಚುವ ವೇಳೆಗೆ, 'ದನಿ ಹರಿದು ಹರಿದು ಬರುತ್ತೆ ಸಾರ್' ಎಂದು ಅಲ್ಲಿನ ಗುಮಾಸ್ತೆ ದೂರುತ್ತಿದ್ದರು. ಫೋನು ಬದಲಾಯಿತು, ಲಿಂಕಿನ ವೇಗ ಹೆಚ್ಚಿತು, ದೂರು ಹಾಗೆಯೇ ಉಳಿಯಿತು. ಸ್ವಿಚ್ಚಿನ ಪೋರ್ಟುಗಳ ಎಣಿಕೆ ತೆರೆದು ನೋಡಿದಾಗ ಒಂದು ಬದಿಯಲ್ಲಿ ಸಿಆರ್‌ಸಿ ದೋಷಗಳು (ಕೆಟ್ಟುಬಂದ ಪ್ಯಾಕೆಟ್ಟುಗಳು), ಇನ್ನೊಂದು ಬದಿಯಲ್ಲಿ ತಡವಾದ ಡಿಕ್ಕಿಗಳಾದ ಲೇಟ್ ಕೊಲಿಷನ್‌ಗಳು ಏರುತ್ತಲೇ ಇದ್ದವು. ರೂಟರಿನ ಪೋರ್ಟನ್ನು ಯಾರೋ ಹಿಂದೆಂದೋ 100 ಮೆಗಾಬಿಟ್, ಫುಲ್ ಡ್ಯೂಪ್ಲೆಕ್ಸ್ (ಎರಡೂ ದಿಕ್ಕಿಗೆ ಒಟ್ಟಿಗೆ) ಎಂದು ಬಿಗಿದಿದ್ದರು, ಸ್ವಿಚ್ಚು ಆಟೋದಲ್ಲಿತ್ತು. ಆಟೋದಲ್ಲಿರುವ ಬದಿಗೆ ಎದುರಿನಿಂದ ಉತ್ತರ ಸಿಗದಿದ್ದರೆ ಅದು ಒಮ್ಮೆಗೆ ಒಂದೇ ದಿಕ್ಕಿನ ಹಾಫ್ ಡ್ಯೂಪ್ಲೆಕ್ಸಿಗೆ ಇಳಿಯುತ್ತದೆ. ಸಂಚಾರ ಕಡಿಮೆಯಿದ್ದಾಗ ಏನೂ ತಿಳಿಯದು. ಎರಡೂ ಕಡೆಯಿಂದ ದಟ್ಟವಾದ ಕೂಡಲೇ ಡಿಕ್ಕಿ. ಅಲ್ಲಿಯವರೆಗೆ ಟಿಸಿಪಿ ಬಿದ್ದದ್ದನ್ನೆಲ್ಲ ಮತ್ತೆ ಕಳಿಸಿ ಮುಚ್ಚಿಹಾಕಿತ್ತು, ಸಿಬ್ಬಂದಿ ಸಂಜೆ ಕಂಪ್ಯೂಟರ್ ನಿಧಾನ ಎಂದು ಸುಮ್ಮನಿದ್ದರು. ಒಂದು ಸಾಲಿನ ಆದೇಶದಿಂದ ಎರಡೂ ಬದಿಯನ್ನು ಹೊಂದಿಸಿದ ಮೇಲೆ ದೂರು ನಿಂತಿತು. ಮಾತು ಹೊಸ ರೋಗ ತರುವುದಕ್ಕಿಂತ ಹೆಚ್ಚಾಗಿ ಹಳೆಯದನ್ನು ಬಯಲಿಗೆಳೆಯುತ್ತದೆ ಎಂಬ ನನ್ನ ಅಭಿಪ್ರಾಯ ಅಲ್ಲಿಂದ ಗಟ್ಟಿಯಾಯಿತು.

ಜಾಲ ಶುಚಿಯಾದ ಮೇಲೆ ಆದ್ಯತೆಯ ಮಾತು. ಫೋನುಗಳನ್ನು ಅದೇ ತಂತಿಯ ಮೇಲಿನ ಪ್ರತ್ಯೇಕ ಜಾಲವಾದ ವಿಎಲ್ಯಾನ್‌ನಲ್ಲಿ ಇರಿಸಿ, ಮಾತಿನ ಪ್ಯಾಕೆಟ್ಟುಗಳಿಗೆ ಡಿಎಸ್‌ಸಿಪಿ 46 ಎಂಬ ಗುರುತು ಹಾಕಿ, ರೂಟರಿನಲ್ಲಿ ಅವಕ್ಕೆ ಮುಂದಿನ ಸಾಲು ಕೊಡುತ್ತಾರೆ. ಗುರುತು ಹಾಕುವ ಅಧಿಕಾರ ಸ್ವಿಚ್ಚಿನ ಕೈಲಿರಬೇಕು. ಪ್ರತಿ ಕಂಪ್ಯೂಟರ್ ಹೇಳಿದ್ದನ್ನೂ ನಂಬಿದರೆ ಎಲ್ಲವೂ ಅವಸರದ್ದೇ ಆಗುತ್ತದೆ. ಇನ್ನೊಂದು ಮಾತನ್ನು ಮಾರಾಟಗಾರರು ಸ್ಪಷ್ಟವಾಗಿ ಹೇಳುವುದಿಲ್ಲ: ಈ ಗುರುತಿಗೆ ಬೆಲೆ ಇರುವುದು ನಿಮ್ಮ ಸ್ವಂತ ಜಾಲದಲ್ಲಿ, ಇಲ್ಲವೇ ಸೇವಾದಾರರು ಕರಾರಿನಲ್ಲಿ ಒಪ್ಪಿಕೊಂಡ ಲಿಂಕಿನಲ್ಲಿ ಮಾತ್ರ. ಸಾಮಾನ್ಯ ಬ್ರಾಡ್‌ಬ್ಯಾಂಡಿನ ಆಚೆಗೆ ಅದನ್ನು ಯಾರೂ ಗೌರವಿಸಬೇಕೆಂದಿಲ್ಲ. ಅಲ್ಲಿ ನಿಮ್ಮ ಕೈಲಿರುವುದು ಒಂದೇ, ನಿಮ್ಮ ರೂಟರಿನಿಂದ ಹೊರಹೋಗುವ ವೇಗವನ್ನು ಲಿಂಕಿನ ವೇಗಕ್ಕಿಂತ ತುಸು ಕಡಿಮೆಗೆ ಕಟ್ಟುವುದು. ಹಾಗೆ ಮಾಡಿದರೆ ಸಾಲು ಮೋಡೆಮ್ಮಿನ ಹೊಟ್ಟೆಯಲ್ಲಿ ಬೆಳೆಯುವ ಬದಲು ನಿಮ್ಮ ಕಣ್ಣೆದುರು ನಿಲ್ಲುತ್ತದೆ. ವೈಫೈ ಮೇಲಿನ ಕರೆ, ವಿಡಿಯೋ ಸಭೆಗಳಿಗೂ ಇದೇ ನಿಯಮ.

ಆದ್ಯತೆ ಕೊಟ್ಟ ಮಾತ್ರಕ್ಕೆ ಜಾಗ ಹುಟ್ಟುವುದಿಲ್ಲ. ಮಾತಿನ ಮುಂದಿನ ಸಾಲು ಲಿಂಕಿನ ಮೂರನೇ ಒಂದು ಭಾಗ ಮೀರಬಾರದು ಎಂಬುದು ಜಾಲ ಕಟ್ಟುವವರ ರೂಢಿ. 2 ಮೆಗಾಬಿಟ್ ಲಿಂಕಿದ್ದರೆ ತಲಾ 80 ಕಿಲೋಬಿಟ್‌ನಂತೆ ಜಿ.711ರ ಎಂಟು ಕರೆಗಳು ಹಿಡಿಯುತ್ತವೆ. ಒಂಬತ್ತನೆಯದನ್ನೂ ಬಿಟ್ಟುಕೊಂಡರೆ ಆ ಒಬ್ಬನ ಕರೆಯಷ್ಟೇ ಕೆಡುವುದಿಲ್ಲ, ಒಂಬತ್ತು ಜನರ ಮಾತಿನಿಂದಲೂ ಪ್ಯಾಕೆಟ್ಟುಗಳು ಉದುರುತ್ತವೆ. ಹಾಗಾಗಿ ಒಂಬತ್ತನೆಯವನಿಗೆ ಎಂಗೇಜ್ ಟೋನ್ ಕೊಡಬೇಕು, ಇಲ್ಲವೇ ಕರೆಯನ್ನು ಸಾಮಾನ್ಯ ದೂರವಾಣಿ ಲೈನಿಗೆ ತಿರುಗಿಸಬೇಕು. ಆಡಳಿತ ಮಂಡಳಿಗಳು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಇಷ್ಟು ಖರ್ಚು ಮಾಡಿ ಎಂಗೇಜ್ ಟೋನ್ ಕೇಳಬೇಕೆ ಎನ್ನುತ್ತವೆ.

ಅವರಿಗೆ ಉತ್ತರ ಕೊಡಲು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಗಣಿತಜ್ಞ ಅಗ್ನರ್ ಎರ್ಲಾಂಗ್ 1917ರಲ್ಲಿ ಪ್ರಕಟಿಸಿದ, ಇಷ್ಟು ದಾರಿಗಳಿದ್ದರೆ ಎಷ್ಟು ಕರೆ ಜಾಗವಿಲ್ಲದೆ ಹಿಂದಿರುಗುತ್ತವೆ ಎಂದು ಹೇಳುವ ಸೂತ್ರವೇ ಸಾಕು. 30 ಜನರ ಕಚೇರಿ ಎನ್ನಿ. ಅತಿ ಗದ್ದಲದ ಒಂದು ಗಂಟೆಯಲ್ಲಿ ತಲೆಗೆ ಸರಾಸರಿ 6 ನಿಮಿಷ ಹೊರಗಿನ ಮಾತು; ಒಟ್ಟು 180 ನಿಮಿಷ, ಅಂದರೆ ಒಂದೇ ಹೊತ್ತಿಗೆ ಸರಾಸರಿ ಮೂರು ಕರೆ, ಅವರ ಹೆಸರಿನ ಮಾಪದಲ್ಲಿ 3 ಎರ್ಲಾಂಗ್. ಎಂಟು ದಾರಿಗಳಿದ್ದರೆ ಜಾಗವಿಲ್ಲದೆ ಹಿಂದಿರುಗುವ ಕರೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಆ ಒಂದನ್ನು ತಡೆದು ಉಳಿದ ತೊಂಬತ್ತೊಂಬತ್ತನ್ನು ಉಳಿಸಿಕೊಳ್ಳುವುದು ಜಿಪುಣತನವಲ್ಲ. ಆಸ್ಪತ್ರೆಯಲ್ಲಿ ವೈದ್ಯರು ಹೇಳಿದ ಔಷಧದ ಪ್ರಮಾಣ ನರ್ಸಿಗೆ ಅರ್ಧ ಕೇಳಿಸುವುದಕ್ಕಿಂತ, ಕರೆ ಹೋಗಲಿಲ್ಲ ಎಂದು ಖಚಿತವಾಗಿ ತಿಳಿಯುವುದು ಎಷ್ಟೋ ಮೇಲು.

ವಿದ್ಯುತ್ತಿನ ಮಾತನ್ನು ಹೇಳದೆ ಮುಗಿಸಲಾರೆ. ಹಳೆಯ ಫೋನು ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಿಂದ ನಡೆಯುತ್ತಿತ್ತು, ಊರಿನ ಕರೆಂಟು ಹೋದರೂ ಡಯಲ್ ಟೋನ್ ಇರುತ್ತಿತ್ತು. ಐಪಿ ಫೋನು ಸ್ವಿಚ್ಚಿನಿಂದ ಕರೆಂಟು ಪಡೆಯುತ್ತದೆ; ಸ್ವಿಚ್ಚಿಗೆ ಯುಪಿಎಸ್ ಇಲ್ಲದಿದ್ದರೆ ಇಡೀ ಕಚೇರಿ ಒಮ್ಮೆಗೇ ಮೂಕವಾಗುತ್ತದೆ.

ಈ ಸಭೆಯಲ್ಲಿ ಬ್ಯಾಂಕು, ಆಸ್ಪತ್ರೆ, ವಿದ್ಯಾಸಂಸ್ಥೆಗಳ ಮಂಡಳಿಗಳಲ್ಲಿ ಇರುವವರು ಹಲವರಿದ್ದೀರಿ. ನನ್ನ ಕೋರಿಕೆ ಇಷ್ಟು. ಐಪಿ ಫೋನಿನ ಖರೀದಿ ಆದೇಶಕ್ಕೆ ಸಹಿ ಹಾಕುವ ಮುನ್ನ, ತಿಂಗಳ ಕೊನೆಯ ದಿನಗಳೂ ಸೇರುವಂತೆ ನಿಮ್ಮ ಪ್ರತಿ ಶಾಖೆಯ ಲಿಂಕನ್ನು ಅಳೆಸಿ. ಅತಿ ಗದ್ದಲದ ಗಂಟೆಯಲ್ಲಿ ವಿಳಂಬ, ಜಿಟರ್, ಪ್ಯಾಕೆಟ್ ನಷ್ಟ ಎಷ್ಟಿತ್ತು, ಒಂದೇ ಸಲಕ್ಕೆ ಎಷ್ಟು ಕರೆಗಳನ್ನು ಬಿಡಲಾಗುವುದು, ಅದರಾಚೆಗಿನ ಕರೆ ಎಲ್ಲಿಗೆ ಹೋಗುವುದು, ಇಷ್ಟನ್ನೂ ಮಾರಾಟಗಾರರಿಂದ ಕಾಗದದ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿಯುವವರಿಗೆ ಆದೇಶ ಕೊಡಬೇಡಿ.