ಗಾಜಿನ ತಟ್ಟೆಯಲ್ಲಿ ನರಕೋಶದ ಬೆಳೆ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯವರಾದ ನಿಮಗೆ ಕೃಷಿ ಎಂದರೇನೆಂದು ನಾನು ಹೇಳಬೇಕಾಗಿಲ್ಲ. ಎರೆಹೊಲದ ಜೋಳ, ಕಡಲೆ, ಹತ್ತಿಯನ್ನು ನೋಡುತ್ತಲೇ ಬೆಳೆದವರು ನೀವು. ನಾನಿಂದು ಹೇಳಹೊರಟಿರುವುದು ಬೇರೊಂದು ಕೃಷಿಯ ಮಾತು: ಪ್ರಯೋಗಾಲಯದಲ್ಲಿ ಮನುಷ್ಯನ ನರಕೋಶಗಳನ್ನು ಬೆಳೆಸುವುದು.

ಅದರ ಅಗತ್ಯವೇನು? ಮೈಮೇಲೆ ಗಡ್ಡೆ ಕಾಣಿಸಿಕೊಂಡರೆ ವೈದ್ಯರು ಅದರ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಾರೆ. ಸ್ಕಿಜೋಫ್ರೀನಿಯಾದಿಂದ ಬಳಲುವವನ ಮಿದುಳನ್ನು ಹಾಗೆ ಕತ್ತರಿಸಿ ನೋಡಲಾದೀತೇ? ಹೀಗಾಗಿ ಮನೋರೋಗಗಳ ಬಗ್ಗೆ ವಿಜ್ಞಾನವು ಬಹುಕಾಲ ಮುಚ್ಚಿದ ಬಾಗಿಲ ಹೊರಗೇ ನಿಂತಿತ್ತು. ಮನೆಯವರಂತೂ ಗಾಳಿ ಸೋಕಿತೆಂದು, ಮಾಟವೆಂದು ಅಲೆಯುವುದುಂಟು. ಮಗಳ ಮದುವೆ ನಿಂತೀತೆಂದು ಮಗನ ಕಾಯಿಲೆಯನ್ನು ಬಚ್ಚಿಡುವುದೂ ಉಂಟು.

1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದ ನರಾಂಗಾಂಶವನ್ನು ದುಗ್ಧರಸದ ಹನಿಯೊಂದರಲ್ಲಿ ಇರಿಸಿ, ಕೋಶದಿಂದ ಎಳೆ ಹೊರಟು ಉದ್ದವಾಗುವುದನ್ನು ಕಣ್ಣಾರೆ ಕಂಡರು. ನರವು ದೇಹದ ಹೊರಗೂ ಬೆಳೆಯಬಲ್ಲದು ಎಂದಾಯಿತು. ಆದರೆ ರೋಗಿಯ ನರಕೋಶವನ್ನು ತರುವುದೆಲ್ಲಿಂದ? ಬಲಿತ ನರಕೋಶ ಒಡೆದು ಎರಡಾಗುವುದಿಲ್ಲ, ಬೀಜಕ್ಕೇ ಬರ! ಉತ್ತರ ಬಂದದ್ದು ಜಪಾನಿನಿಂದ. 2006ರಲ್ಲಿ ಶಿನ್ಯಾ ಯಮನಾಕ ಅವರು ಇಲಿಯ ಬಲಿತ ಕೋಶಕ್ಕೆ ನಾಲ್ಕು ಜೀನುಗಳನ್ನು ಸೇರಿಸಿ ಅದನ್ನು ಆಕರ ಕೋಶವಾಗಿ, ಅಂದರೆ ಯಾವ ಅಂಗದ ಕೋಶವಾಗಿ ಬೇಕಾದರೂ ಬೆಳೆಯಬಲ್ಲ ಕೋಶವಾಗಿ, ಪರಿವರ್ತಿಸಿದರು. ಮರುವರ್ಷ ಮನುಷ್ಯನ ಕೋಶದಲ್ಲೂ ಅದು ಸಾಧ್ಯವಾಯಿತು. 2012ರಲ್ಲಿ ಅವರಿಗೆ ನೊಬೆಲ್ ಬಂತು.

ನಮ್ಮ ಬೆಂಗಳೂರಿನಲ್ಲಿ ನಿಮ್ಹಾನ್ಸ್, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು ಇನ್‌ಸ್ಟೆಮ್ ಸಂಸ್ಥೆಗಳು ಕೂಡಿ ಈ ದಾರಿ ಹಿಡಿದಿವೆ. ಒಂದೇ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ತೀವ್ರ ಮನೋರೋಗವಿರುವ ಕುಟುಂಬಗಳನ್ನು ಅವರು ಆರಿಸಿಕೊಳ್ಳುತ್ತಾರೆ. ಒಪ್ಪಿಗೆ ಪಡೆದು ರಕ್ತ ತೆಗೆದು, ಅದರ ಕೋಶಗಳನ್ನು ಮೊದಲು ಆಕರ ಕೋಶಗಳಾಗಿ, ಬಳಿಕ ನರಕೋಶಗಳಾಗಿ ಬೆಳೆಸುತ್ತಾರೆ. ಕಾಯಿಲೆಯ ಅಣ್ಣನ ಕೋಶವನ್ನೂ ಆರೋಗ್ಯವಂತ ತಂಗಿಯ ಕೋಶವನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ಒಂದೇ ಹೊಲದ ಒಂದು ಸಾಲಿಗೆ ರೋಗ ಬಿದ್ದು ಪಕ್ಕದ ಸಾಲು ಹಸಿರಾಗಿದ್ದರೆ ನಿಮ್ಮ ತಂದೆಯವರೂ ಎರಡನ್ನೂ ಕಿತ್ತು ಬೇರು ನೋಡುತ್ತಾರಲ್ಲವೇ?

ಈ ಬೆಳೆಗೆ ಆರೈಕೆ ಬಹಳ. ತಟ್ಟೆಗೆ ಪ್ರೋಟೀನಿನ ಲೇಪ ಬೇಕು, 37 ಡಿಗ್ರಿ ಶಾಖ ಬೇಕು, ಪೋಷಕ ದ್ರವವನ್ನು ಮತ್ತೆ ಮತ್ತೆ ಬದಲಿಸುತ್ತಿರಬೇಕು. ಕೋಶಗಳಿಗೆ ಹಬ್ಬವೂ ಇಲ್ಲ, ಭಾನುವಾರವೂ ಇಲ್ಲ. ಬೂಷ್ಟು ಹಿಡಿಯಿತೋ, ತಿಂಗಳುಗಳ ಶ್ರಮ ಹಾಳು. ಎಲ್ಲ ಸರಿಹೋದರೆ ಕೆಲವು ವಾರಗಳಲ್ಲಿ ಕೋಶಗಳು ಎಳೆ ಚಾಚಿ, ಒಂದನ್ನೊಂದು ಮುಟ್ಟಿ, ವಿದ್ಯುತ್ ಸಂಕೇತ ಕಳಿಸತೊಡಗುತ್ತವೆ.

ಇದರಿಂದ ತಿಳಿದದ್ದೇನು? ಒಂದು ಉದಾಹರಣೆ ಕೊಡುತ್ತೇನೆ. ಉನ್ಮಾದ-ಖಿನ್ನತೆಯ ರೋಗಕ್ಕೆ ಲಿಥಿಯಂ ಮಾತ್ರೆ ಕೆಲವರಿಗೆ ಹಿಡಿಸುತ್ತದೆ, ಕೆಲವರಿಗೆ ಇಲ್ಲ. 2015ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯವರು ಇಂಥ ರೋಗಿಗಳ ನರಕೋಶಗಳನ್ನು ಬೆಳೆಸಿದಾಗ ಅವು ಅತಿಯಾಗಿ ಉದ್ರೇಕಗೊಳ್ಳುತ್ತಿದ್ದವು. ಲಿಥಿಯಂ ಹಾಕಿದಾಗ ಶಾಂತವಾದದ್ದು ಆ ಮಾತ್ರೆಯಿಂದ ಗುಣ ಕಂಡವರ ಕೋಶಗಳು ಮಾತ್ರ!

ಹಾಗೆಂದು ತಟ್ಟೆಯ ಕೋಶವೇ ಮನಸ್ಸಲ್ಲ. ಅದು ಇನ್ನೂ ಎಳೆಯದು. ಅದಕ್ಕೆ ಬಾಲ್ಯವಿಲ್ಲ, ಸಾಲದ ಚಿಂತೆಯಿಲ್ಲ, ಅಗಲಿಕೆಯಿಲ್ಲ. ಈ ಸಂಶೋಧನೆ ಮುಗಿಯಲೆಂದು ರೋಗಿಗಳು ಕಾಯಬೇಕಾಗಿಯೂ ಇಲ್ಲ. ಈಗಿರುವ ಔಷಧಗಳಿಂದಲೇ ಅನೇಕರು ಸುಧಾರಿಸುತ್ತಾರೆ. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಕಿತ್ತೂರಿನಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿದೆ.