ಕೊತ್ತಂಬರಿ ಸತ್ತರೆ ಅದು ನಿಮ್ಮ ಕೈಗುಣ ಅಲ್ಲ



ಮಂಗಳೂರಿನ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ದಾರೆ. ಬಾಲ್ಕನಿಯಲ್ಲಿ ಮೂರನೇ ಸಲ ಕೊತ್ತಂಬರಿ ಸತ್ತಿತು, ರೋಸ್‌ಮೇರಿಯೂ ಹೋಯ್ತು. ಅತ್ತೆ "ನಿನ್ನ ಕೈಗುಣವೇ ಸರಿಯಿಲ್ಲ" ಅಂದರಂತೆ. ಇನ್ನು ಚಟ್ಟಿಗಳನ್ನೆಲ್ಲ ಯಾರಿಗಾದರೂ ಕೊಟ್ಟುಬಿಡ್ತೇನೆ ಅಂತಾರೆ. ಕೊಡಬೇಡಿ ಮಾರ್ರೆ!

ರೋಸ್‌ಮೇರಿ, ಥೈಮ್ ಎಲ್ಲ ಮೆಡಿಟರೇನಿಯನ್ ತೀರದವು. ಅಲ್ಲಿ ಬೇಸಿಗೆ ಒಣ, ಮಳೆ ಬರುವುದು ಚಳಿಗಾಲದಲ್ಲಿ. ನಮ್ಮದು ಉಲ್ಟಾ. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನೀರು ನಿಂತ ಮಣ್ಣಲ್ಲಿ ಬೇರಿಗೆ ಗಾಳಿ ಸಿಗದೆ ಕೊಳೀತದೆ, ಎಲೆ ಬಾಡ್ತದೆ. ಬಾಡಿತು ಅಂತ ಮತ್ತೆ ನೀರು ಹಾಕಿದರೆ ಕಥೆ ಮುಗೀತು.

ಕೊತ್ತಂಬರಿಯದ್ದು ಬೇರೆ ವಿಷಯ. ಸೆಕೆ ಏರಿದ ಕೂಡಲೇ ಅದು ಎಲೆ ಬಿಟ್ಟು ಹೂವಿಗೆ ಹೋಗ್ತದೆ. ಹಾಗಾಗಿ ನವೆಂಬರ್‌ನಿಂದ ಜನವರಿ ಒಳಗೆ ಬಿತ್ತಿ. ಬೀಜವನ್ನು ಮೆಲ್ಲ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ, ಬೆಳೆಯುವ ಚಟ್ಟಿಗೇ ಹಾಕಿ. ಕಿತ್ತು ನೆಟ್ಟರೆ ಅದು ಸರಿಯಾಗಿ ಬರುವುದಿಲ್ಲ. ಮಧ್ಯಾಹ್ನದ ಬಿಸಿಲು ತಾಗದ ಜಾಗ ಕೊಡಿ.

ಉಳಿದ ತಿಂಗಳು ಎಂತ ಮಾಡುವುದು? ಮೂರು ಗಿಡ ಹೇಳ್ತೇನೆ.

ಒಂದು, ಒಂದೆಲಗ, ತುಳುವಿನ ತಿಮರೆ. ಇದಕ್ಕೆ ಒದ್ದೆಯೇ ಇಷ್ಟ. ಅಗಲ ಚಟ್ಟಿ, ಅರೆ ನೆರಳು ಸಾಕು, ತಾನೇ ಹಬ್ಬುತ್ತದೆ.

ಎರಡು, ದೊಡ್ಡಪತ್ರೆ, ಅಂದ್ರೆ ಸಾಂಬ್ರಾಣಿ. ಗೇಣುದ್ದದ ಕಡ್ಡಿ ಚುಚ್ಚಿದರೆ ಬೇರು ಬಿಡ್ತದೆ. ದಪ್ಪ ಎಲೆಯಲ್ಲೇ ನೀರು ಉಂಟು, ಹಾಗಾಗಿ ಮಳೆಗಾಲದಲ್ಲಿ ಮಾಡಿನ ಅಡಿಗೆ ಸರಿಸಿ.

ಮೂರು, ಮಜ್ಜಿಗೆ ಹುಲ್ಲು. ದೊಡ್ಡ ಚಟ್ಟಿ, ಒಳ್ಳೆ ಬಿಸಿಲು. ಬುಡದಿಂದ ಒಂದು ಸಸಿ ಸೀಳಿ ನೆಟ್ಟರೆ ಪೊದೆಯಾಗ್ತದೆ.

ಮಳೆ ಶುರುವಾದ ಮೇಲೆ ಚಟ್ಟಿಯ ಅಡಿಯ ತಟ್ಟೆ ತೆಗೆದಿಡಿ. ಇಲ್ಲದಿದ್ರೆ ಬೇರೂ ಕೊಳೀತದೆ, ಸೊಳ್ಳೆಯೂ ಮರಿ ಮಾಡ್ತದೆ. ತೆಂಗಿನ ನಾರಿನ ಪುಡಿ ನೀರು ಹಿಡಿದಿಡುವ ಕಾರಣ ಅದನ್ನೂ ಕಡಿಮೆ ಮಾಡಿ, ಮಣ್ಣಿಗೆ ಸ್ವಲ್ಪ ಮರಳು ಸೇರಿಸಿ.

ನಾನು ಬಿಕಾಂ ಓದಿದವಳು, ಲೆಕ್ಕ ನೋಡದೆ ಮಾತು ಮುಗಿಸುವುದಿಲ್ಲ. ಈ ಮೂರಕ್ಕೂ ಖರ್ಚು ಹೆಚ್ಚುಕಡಿಮೆ ಸೊನ್ನೆ. ಪಕ್ಕದ ಮನೆಯವರನ್ನು ಕೇಳಿದರೆ ಒಂದು ಕಡ್ಡಿ, ಒಂದು ಬಳ್ಳಿ ಕೊಡ್ತಾರೆ. ಆನ್‌ಲೈನ್ ಕಿಟ್ ಆರ್ಡರ್ ಮಾಡುವ ಮೊದಲು ಬಾಗಿಲು ತಟ್ಟಿ ನೋಡಿ.

ವಾಯ್ಸ್ ನೋಟ್ ಕಳಿಸಿದ ಅಕ್ಕ, ಒಂದೆಲಗ ಹಬ್ಬಿದ ಮೇಲೆ ತೆಂಗಿನಕಾಯಿ, ಜೀರಿಗೆ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿ. ಮೊದಲು ಅತ್ತೆಗೇ ಬಡಿಸಿ. ಕೈಗುಣದ ಬಗ್ಗೆ ಅವರು ಎಂತ ಹೇಳಿದ್ರು ಅಂತ ನಮಗೂ ತಿಳಿಸಿ, ಆಯ್ತಾ?