ಮರಳಿನ ತವರೂರು

ಒಂದು ಹಿಡಿ ಮರಳನ್ನು ಅಂಗೈಯಲ್ಲಿಟ್ಟು, ಇದು ಯಾವ ಬೆಟ್ಟದ್ದು ಎಂದು ಕೇಳಿದರೆ ನೀವೇನು ಹೇಳುವಿರಿ? ಹೊಳೆ ತಂದದ್ದು ಎನ್ನುವಿರಿ. ಆ ಹೊಳೆಯೇ ಅಳಿದು ಕೋಟ್ಯಂತರ ವರ್ಷಗಳಾಗಿದ್ದರೆ?

ಅಮೆರಿಕದ ಯೂಟಾ ಸಂಸ್ಥಾನದಲ್ಲಿ ಜಯಾನ್ ಎಂಬ ಕಣಿವೆಯಿದೆ. ಅದರ ಎರಡು ಮಗ್ಗುಲಲ್ಲಿಯೂ ನೂರಾರು ಮೀಟರ್ ಎತ್ತರದ ಮರಳುಗಲ್ಲಿನ ಗೋಡೆಗಳು. ಇದಕ್ಕೆ ನವಾಹೊ ಮರಳುಗಲ್ಲೆಂದು ಹೆಸರು. ಸುಮಾರು 19 ಕೋಟಿ ವರ್ಷಗಳ ಹಿಂದೆ ಅದೊಂದು ಮರಳುಗಾಡು. ಗಾಳಿ ಒಟ್ಟಿದ ದಿಣ್ಣೆಗಳ ಓರೆಗೆರೆಗಳು ಕಲ್ಲಿನಲ್ಲಿ ಇನ್ನೂ ಉಳಿದಿವೆ. ಅವು ವಾಲಿರುವ ದಿಕ್ಕನ್ನು ನೋಡಿದರೆ ಗಾಳಿ ಬಡಗಣದಿಂದ ಬೀಸಿದ್ದು ಸ್ಪಷ್ಟ. ಮರಳೂ ಬಡಗಣದ ಬೆಟ್ಟಗಳದೇ ಇರಬೇಕೆಂಬುದು ಸಹಜವಾದ ಊಹೆ.

ಊಹೆಯನ್ನು ಪರೀಕ್ಷಿಸಲು ಸಾಕ್ಷಿ ಬೇಕಷ್ಟೆ. ಆ ಸಾಕ್ಷಿ ಜಿರ್ಕಾನ್ ಎಂಬ ಖನಿಜ. ಮರಳಿನಲ್ಲಿ ಇದು ವಿರಳ, ಆದರೆ ಬಲು ಗಟ್ಟಿ. ಕರಗಿದ ಶಿಲೆಯಲ್ಲಿ ಹರಳುಗಟ್ಟುವಾಗ ಯುರೇನಿಯಮ್ಮನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಯುರೇನಿಯಮ್ ತಾನಾಗಿ ಸೀಸವಾಗುತ್ತ ಹೋಗುವುದರಿಂದ, ಮುಂದೆ ಅದರೊಳಗೆ ಕಾಣುವ ಸೀಸ ಅಲ್ಲಿಯೇ ಹುಟ್ಟಿದ್ದು. ಒಂದು ಬಗೆಯ ಯುರೇನಿಯಮ್ ಅರ್ಧವಾಗಲು 447 ಕೋಟಿ ವರ್ಷ, ಇನ್ನೊಂದಕ್ಕೆ 70 ಕೋಟಿ. ಒಂದೇ ಕಣದಲ್ಲಿ ಎರಡು ಗಡಿಯಾರ! ಒಂದು ತಪ್ಪಿದರೆ ಇನ್ನೊಂದು ಹೇಳಿಕೊಡುತ್ತದೆ.

ಆದರೆ ಒಂದು ಕಣದ ಮಾತಿನಿಂದ ಏನೂ ಸಾಗದು. ಇಪ್ಪತ್ತರಲ್ಲಿ ಒಂದು ಕಣ ಮಾತ್ರ ಒಂದು ಬೆಟ್ಟದಿಂದ ಬಂದಿದ್ದರೆ, ಅಂಥದೊಂದಾದರೂ ಕೈಗೆ ಸಿಕ್ಕುವ ಸಂಭವ ನೂರಕ್ಕೆ ತೊಂಬತ್ತೈದು ಆಗಬೇಕಾದರೆ ಅರುವತ್ತು ಕಣಗಳನ್ನಾದರೂ ನೋಡಬೇಕು. ಹಿಂದೆ ಕಣವನ್ನು ಆಮ್ಲದಲ್ಲಿ ಕರಗಿಸಿ ಸೀಸವನ್ನು ಬೇರ್ಪಡಿಸಲು ದಿನಗಟ್ಟಲೆ ಹಿಡಿಯುತ್ತಿತ್ತು. ಈಗ ಲೇಸರ್ ಕಿರಣವು ಕಣದಲ್ಲಿ ಕೂದಲೆಳೆಗಿಂತ ಕಿರಿದಾದ ಗುಳಿಯನ್ನು ಕೊರೆಯುತ್ತದೆ. ಎದ್ದ ಹುಡಿಯನ್ನು ಯಂತ್ರ ಅಳೆಯುತ್ತದೆ. ಒಂದೆರಡು ನಿಮಿಷದಲ್ಲಿ ವಯಸ್ಸು ತಿಳಿಯುತ್ತದೆ.

ನವಾಹೊ ಕಣಗಳು ಹೇಳಿದ್ದೇನು? ಅನೇಕವು 100ರಿಂದ 120 ಕೋಟಿ ವರ್ಷದವು. ಮತ್ತೆ ಕೆಲವು 40, 50 ಕೋಟಿ ವರ್ಷದವು. ಇವೆರಡೂ ಜೊತೆಯಾಗಿ ಸಿಗುವುದು ಖಂಡದ ಪೂರ್ವದಂಚಿನ ಅಪಲೇಷಿಯನ್ ಬೆಟ್ಟಗಳಲ್ಲಿ, ಎರಡು ಸಾವಿರ ಕಿಲೋಮೀಟರಿಗೂ ಆಚೆ! 2003ರಲ್ಲಿ ಡಿಕಿನ್‌ಸನ್ ಮತ್ತು ಗೆರೆಲ್ಸ್ ಎಂಬ ವಿಜ್ಞಾನಿಗಳು, ಮರಳಿನ ಸುಮಾರು ಅರ್ಧ ಪಾಲು ಅಲ್ಲಿಯದೆಂದು ವಾದಿಸಿದರು. ಹಾಗಾದರೆ ಗಾಳಿಯ ಸಾಕ್ಷಿ ಸುಳ್ಳೆ? ಅಲ್ಲ. ಮಹಾನದಿಯೊಂದು ಖಂಡವನ್ನೇ ಹಾಯ್ದು ಮರಳನ್ನು ಬಡಗಣ ಬಯಲಿಗೆ ತಂದು ಹರಡಿತು. ಅಲ್ಲಿಂದ ಗಾಳಿ ತೆಂಕಣಕ್ಕೆ ಒಯ್ದಿತು ಎಂಬುದು ಅವರ ವಿವರಣೆ.

ನಿಮ್ಮಲ್ಲಿ ಒಬ್ಬರು ಕೇಳಬಹುದು: ಕಣದ ಹುಟ್ಟು ತಿಳಿಯಿತು, ಅದರ ಪ್ರಯಾಣ ತಿಳಿಯಿತೆ? ಒಳ್ಳೆಯ ಪ್ರಶ್ನೆ. ಅಷ್ಟು ಗಟ್ಟಿಯಾದ ಕಣ ಹಳೆಯ ಮರಳುಗಲ್ಲೊಂದು ಸವೆದು, ಎರಡನೆಯ ಸಲ ಪಯಣ ಹೊರಟದ್ದೂ ಇರಬಹುದು. ಅದೇ ವರ್ಷ ಇನ್ನೊಂದು ತಂಡ ಅದೇ ಕಣಗಳೊಳಗಿನ ಹೀಲಿಯಮ್ ಅನಿಲವನ್ನೂ ಅಳೆಯಿತು. ಕಲ್ಲು ಬಿಸಿಯಾಗಿರುವವರೆಗೆ ಈ ಅನಿಲ ನಿಲ್ಲದು. ತಣಿದ ಮೇಲೆಯೇ ಕೂಡಿಕೊಳ್ಳುವುದು. ಹೆಚ್ಚಿನ ಕಣಗಳು ತಣಿದದ್ದು ಅಪಲೇಷಿಯನ್ ಬೆಟ್ಟಗಳು ಎದ್ದು ಸವೆಯುತ್ತಿದ್ದ ಕಾಲದಲ್ಲಿಯೇ.